ಲಾಮ್ ಯಾರ ಪಕ್ಷದಲ್ಲಿದ್ದ?

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 2025ರ ನವೆಂಬರ್‌ನಲ್ಲಿ ಕ್ಯೂಬಾದ ಚಿತ್ರಕಾರ ವಿಫ್ರೆಡೊ ಲಾಮ್‌ನ ಪುನರವಲೋಕನ ಪ್ರದರ್ಶನವನ್ನು ತೆರೆಯಿತು. 1920ರ ದಶಕದಿಂದ 1970ರ ದಶಕದವರೆಗಿನ 130ಕ್ಕೂ ಹೆಚ್ಚು ಕೃತಿಗಳನ್ನು ಕ್ರಿಸ್ಟೋಫ್ ಶೆರಿ ಮತ್ತು ಬೆವರ್ಲಿ ಆಡಮ್ಸ್ ಒಂದೆಡೆ ಕೂಡಿಸಿದರು. ನಾಲ್ಕು ಮೀಟರಿಗೂ ಹೆಚ್ಚು ಅಗಲದ ‘ಗ್ರಾಂಡ್ ಕಾಂಪೊಸಿಷನ್’ (1949) ಸಂಗ್ರಹಾಲಯದ ಸ್ವಂತ ಆಸ್ತಿಯಾಯಿತು. ಇದಕ್ಕೆ ಮೊದಲು, 2015–16ರಲ್ಲಿ, ಪ್ಯಾರಿಸ್ಸಿನ ಪಾಂಪಿದು ಕೇಂದ್ರ, ಮ್ಯಾಡ್ರಿಡ್‌ನ ರೈನಾ ಸೋಫಿಯಾ, ಲಂಡನ್ನಿನ ಟೇಟ್ ಮಾಡರ್ನ್ ಅವನ ಕೃತಿಗಳ ದೊಡ್ಡ ಪ್ರದರ್ಶನ ನಡೆಸಿದ್ದವು. 1902ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡ ಈ ಕಲಾವಿದನಿಗೆ ಸಲ್ಲಬೇಕಾದ ಗೌರವ ತಡವಾಗಿಯಾದರೂ ಸಲ್ಲುತ್ತಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಗೌರವದ ಬೆನ್ನಿಗೇ ಬರುತ್ತಿರುವ ಕಥೆಯ ಬಗ್ಗೆ.

ಆ ಕಥೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ ಸಾಗುತ್ತದೆ. ಅಪ್ಪ ಚೀನಾದವನು, ಅಮ್ಮನಲ್ಲಿ ಆಫ್ರಿಕಾದ ರಕ್ತವೂ ಇತ್ತು, ಸ್ಪೇನಿನ ರಕ್ತವೂ ಇತ್ತು. ಪಿಕಾಸೊ ಕೈಹಿಡಿದು ನಡೆಸಿದ, ಆಂದ್ರೆ ಬ್ರೆತೋನ್ ಸರ್ರಿಯಲಿಸ್ಟರ ಬಳಗಕ್ಕೆ ಸೇರಿಸಿಕೊಂಡ. ಯುದ್ಧದ ಗಾಳಿ ಅವನನ್ನು ಸ್ಪೇನಿನಿಂದ ಫ್ರಾನ್ಸಿಗೂ ಫ್ರಾನ್ಸಿನಿಂದ ಕ್ಯೂಬಾಕ್ಕೂ ಹೊತ್ತೊಯ್ದಿತು. ಕೊನೆಗೆ ಅವನ ಚಿತ್ರಗಳಲ್ಲಿ ಖಂಡಗಳು ಒಂದನ್ನೊಂದು ತಬ್ಬಿಕೊಂಡವು, ಸಂಸ್ಕೃತಿಗಳ ಸಂಗಮವಾಯಿತು. ವಿಮರ್ಶಕರು ಇದನ್ನು ಬರೆಯುತ್ತಾರೆ, ಹರಾಜಿನ ಕ್ಯಾಟಲಾಗುಗಳು ಇದನ್ನೇ ಇನ್ನಷ್ಟು ಮೆರುಗು ಕೊಟ್ಟು ಅಚ್ಚುಹಾಕುತ್ತವೆ. ಇದರೊಳಗೆ ಸುಳ್ಳು ಸಂಗತಿ ಹೆಚ್ಚೇನೂ ಇಲ್ಲ. ಆದರೂ ಇಡಿಯಾಗಿ ತೆಗೆದುಕೊಂಡರೆ ಕಥೆ ಸುಳ್ಳು. ಏಕೆಂದರೆ ಇಲ್ಲಿ ಲಾಮ್ ಏನನ್ನೂ ಮಾಡುವುದೇ ಇಲ್ಲ. ಎಲ್ಲವೂ ಅವನಿಗೆ ಆಗುತ್ತದೆ. ಬಿರುಗಾಳಿ ಅವನನ್ನು ರೂಪಿಸುತ್ತದೆ, ಗುರುಗಳು ಅವನನ್ನು ತಿದ್ದುತ್ತಾರೆ, ರಕ್ತ ಅವನ ಕೈಯಲ್ಲಿ ಚಿತ್ರ ಬರೆಸುತ್ತದೆ. ಇಂಥ ಹೊಗಳಿಕೆ ಹೊನ್ನಶೂಲ. ಲಾಮ್ ತನ್ನ ಕಾಲದ ಗಲಭೆಗಳಲ್ಲಿ ಒಂದು ಪಕ್ಷ ಹಿಡಿದ ಮನುಷ್ಯ. ಅವನ ಒಳ್ಳೆಯ ಚಿತ್ರಗಳ ಬಲವೆಲ್ಲ ಆ ಪಕ್ಷ ಹಿಡಿದದ್ದರಲ್ಲಿದೆ.

ಮೊದಲು ಆ ‘ಸಂಗಮ’ದ ಊರನ್ನೇ ನೋಡೋಣ. ಲಾಮ್ ಹುಟ್ಟಿದ್ದು ಸಾಗ್ವಾ ಲಾ ಗ್ರಾಂದೆ ಎಂಬ ಪಟ್ಟಣದಲ್ಲಿ, ಸುತ್ತಲೂ ಕಬ್ಬಿನ ಸೀಮೆ. ಅವನು ಹುಟ್ಟುವುದಕ್ಕೆ ಕೇವಲ 16 ವರ್ಷಗಳ ಹಿಂದೆ, 1886ರಲ್ಲಿ, ಕ್ಯೂಬಾದಲ್ಲಿ ಗುಲಾಮಗಿರಿ ರದ್ದಾಗಿತ್ತು. 1847ರಿಂದ 1874ರವರೆಗೆ ಲಕ್ಷಕ್ಕೂ ಹೆಚ್ಚು ಚೀನೀಯರನ್ನು ಕರಾರಿನ ಕೂಲಿಗಳಾಗಿ ಆ ದ್ವೀಪಕ್ಕೆ ತಂದು ಕಬ್ಬಿನ ಗದ್ದೆಗಳಿಗೆ ಇಳಿಸಲಾಗಿತ್ತು. ಗುಲಾಮರ ಸರಬರಾಜು ಕಷ್ಟವಾದಂತೆ ಅವರ ಜಾಗಕ್ಕೆ ಸಿಕ್ಕ ಕೈಗಳು ಅವು. ಲಾಮ್‌ನ ತಂದೆ ಅಂಗಡಿ ಇಟ್ಟುಕೊಂಡಿದ್ದ, ಓದುಬರಹ ಬಲ್ಲವನು, ಊರಿನ ಚೀನೀಯರಿಗೆ ಪತ್ರ ಬರೆದುಕೊಡುತ್ತಿದ್ದವನು. ಅವನ ಪಾಲಿಗೆ ಗದ್ದೆಯ ಕೂಲಿ ಬರಲಿಲ್ಲ. ಆದರೆ ಆ ಊರಿನಲ್ಲಿ ಚೀನಾ ಮತ್ತು ಆಫ್ರಿಕಾ ಎದುರುಬದುರು ಆದದ್ದು ಸಕ್ಕರೆಗಾಗಿ, ಲೆಕ್ಕದ ಪುಸ್ತಕವೊಂದರ ಎರಡು ಸಾಲುಗಳಾಗಿ. ಅದನ್ನು ಸಂಗಮವೆಂದು ಕರೆಯುವವರು ಗಾಣದ ಮನೆಯನ್ನು ಮರೆತು ಬೆಲ್ಲದ ಸಿಹಿಯನ್ನಷ್ಟೇ ಹೇಳುತ್ತಿದ್ದಾರೆ. 1912ರಲ್ಲಿ, ಲಾಮ್ ಇನ್ನೂ ಹುಡುಗನಾಗಿದ್ದಾಗ, ಕರಿಯರ ಸ್ವತಂತ್ರ ಪಕ್ಷದ ದಂಗೆಯನ್ನು ಕ್ಯೂಬಾದ ಸೇನೆ ಹತ್ತಿಕ್ಕಿತು. ಸಾವಿರಾರು ಕಪ್ಪು ಜನ ಸತ್ತರು. ಸ್ಪೇನಿನ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಸೈನಿಕರಲ್ಲಿ ಬಹುಪಾಲು ಕರಿಯರೇ ಆಗಿದ್ದ ದೇಶದಲ್ಲಿ ಇದು ನಡೆಯಿತು. ಕ್ಯೂಬಾದಲ್ಲಿ ಜನಾಂಗಗಳು ಹಾಲುಜೇನಿನಂತೆ ಬೆರೆತವೆಂದು ಬರೆಯುವವರು ಈ ಇಸವಿಯನ್ನು ದಾಟಿ ಮುಂದೆ ಹೋಗಲಾರರು.

1923ರಲ್ಲಿ ಲಾಮ್ ವಿದ್ಯಾರ್ಥಿವೇತನ ಪಡೆದು ಮ್ಯಾಡ್ರಿಡ್‌ಗೆ ಹೋದ. ಸಾಂಪ್ರದಾಯಿಕ ಕಲಿಕೆ, ಪ್ರಾದೊ ಸಂಗ್ರಹಾಲಯದಲ್ಲಿ ಗೋಯಾನ ಚಿತ್ರಗಳ ಮುಂದೆ ಕಳೆದ ದಿನಗಳು, ಹೊಟ್ಟೆಪಾಡಿಗೆ ಭಾವಚಿತ್ರಗಳು. 1931ರಲ್ಲಿ ಹೆಂಡತಿ ಏವಾ ಮತ್ತು ಪುಟ್ಟ ಮಗ ಕ್ಷಯದಿಂದ ಸತ್ತರು. ಐದು ವರ್ಷ ಕಳೆಯುವಷ್ಟರಲ್ಲಿ ಸ್ಪೇನಿನ ಗಣರಾಜ್ಯದ ವಿರುದ್ಧ ಜನರಲ್ ಫ್ರಾಂಕೊನ ದಂಗೆ, ಅಂತರ್ಯುದ್ಧ. ‘ಯುದ್ಧದ ಸುಳಿಗೆ ಸಿಕ್ಕ ಕಲಾವಿದ’ ಎಂಬ ಮಾತು ಶುರುವಾಗುವುದು ಇಲ್ಲಿಂದಲೇ. ಯಾವ ಸುಳಿ? ಲಾಮ್ ಸ್ಪೇನಿನ ಪ್ರಜೆಯಲ್ಲ. ಅದು ಅವನ ದೇಶದ ಯುದ್ಧವಲ್ಲ. ಅವನು ಗಣರಾಜ್ಯದ ಪಕ್ಷ ಸೇರಿದ. ಪೋಸ್ಟರುಗಳನ್ನು ಬರೆದ. ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ, ಅಲ್ಲಿನ ರಾಸಾಯನಿಕಗಳಿಂದ ಆರೋಗ್ಯ ಕೆಡಿಸಿಕೊಂಡ, ಚೇತರಿಸಿಕೊಳ್ಳಲು ಕಟಲೋನಿಯಾದ ಕಾಲ್ದೆಸ್ ದೆ ಮೊಂತ್‌ಬುಯಿಗೆ ಹೋಗಬೇಕಾಯಿತು. 1937ರಲ್ಲಿ ‘ಲಾ ಗೆರ್ರಾ ಸಿವಿಲ್’ ಎಂಬ ದೊಡ್ಡ ಚಿತ್ರವನ್ನು ಬರೆದ: ಹೆಣಗಳು, ಸೈನಿಕರು, ಅಳುವ ಹೆಂಗಸರು ಉಸಿರಾಡಲು ಜಾಗವಿಲ್ಲದಂತೆ ಒತ್ತಿಕೊಂಡಿರುವ ಚಿತ್ರ. ಪಿಕಾಸೊ ‘ಗೆರ್ನಿಕಾ’ ಬರೆದದ್ದೂ ಅದೇ ವರ್ಷ. ಇಬ್ಬರೂ ಆಗ ಪರಸ್ಪರ ಅಪರಿಚಿತರು. ಬಾಂಬಿಗೆ ಮದ್ದು ತುಂಬಿದ ಕೈ ಗಾಳಿಗೆ ಸಿಕ್ಕ ತರಗೆಲೆಯಲ್ಲ. ತನ್ನ ಜೀವವನ್ನು ಎಲ್ಲಿ ಪಣಕ್ಕಿಡಬೇಕೆಂದು ಅದಕ್ಕೆ ಗೊತ್ತಿತ್ತು.

ಇನ್ನು ಪಿಕಾಸೊನ ಮಾತು. 1938ರಲ್ಲಿ ಲಾಮ್ ಪ್ಯಾರಿಸ್ಸಿಗೆ ಬಂದಾಗ ಪಿಕಾಸೊ ಅವನನ್ನು ಪ್ರೀತಿಯಿಂದ ಬರಮಾಡಿಕೊಂಡ, ಎಲ್ಲರಿಗೂ ಪರಿಚಯಿಸಿದ. 1939ರಲ್ಲಿ ಪಿಯೆರ್ ಲೋಬ್‌ನ ಗ್ಯಾಲರಿಯಲ್ಲಿ ಲಾಮ್‌ನ ಪ್ರದರ್ಶನವಾಯಿತು. ಈ ಉಪಕಾರವನ್ನು ಲಾಮ್ ಬದುಕಿರುವವರೆಗೂ ನೆನೆದ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ದಿನಗಳ ಒಂದು ಪ್ರಸಂಗವನ್ನು ಲಾಮ್‌ನ ಜೀವನಚರಿತ್ರೆಗಳು ಹೇಳುತ್ತವೆ: ಆಫ್ರಿಕಾದ ಶಿಲ್ಪಕಲೆಯನ್ನು ಲಾಮ್‌ಗೆ ಕಲಿಸಿಕೊಡುವಂತೆ ಪಿಕಾಸೊ ಮಾನವಶಾಸ್ತ್ರಜ್ಞ ಮಿಶೆಲ್ ಲೇರಿಸ್‌ಗೆ ಹೇಳಿದನಂತೆ. ಮಾಂತೊನಿಕಾ ವಿಲ್ಸನ್ ಎಂಬ ಸಾಂತೆರಿಯಾ ಪೂಜಾರಿಣಿ ಲಾಮ್‌ನ ಧರ್ಮಮಾತೆ. ಆಫ್ರಿಕಾದಿಂದ ಹಡಗೇರಿ ಬಂದ ದೈವಗಳು ಆ ಕೆರಿಬಿಯನ್ ಧರ್ಮದಲ್ಲಿ ಕ್ರೈಸ್ತ ಸಂತರ ಹೆಸರಿನ ಮರೆಯಲ್ಲಿ ಪೂಜೆಗೊಳ್ಳುತ್ತಿದ್ದವು. ಆ ಹೆಂಗಸಿನ ಮನೆಯಲ್ಲಿ ಆಡಿ ಬೆಳೆದವನಿಗೆ ಆಫ್ರಿಕಾವನ್ನು ಪ್ಯಾರಿಸ್ಸಿನ ಗಾಜಿನ ಕಪಾಟಿನಲ್ಲಿ ತೋರಿಸಿಕೊಟ್ಟರು! ಪಿಕಾಸೊಗೆ ಕೆಟ್ಟ ಉದ್ದೇಶವಿರಲಿಲ್ಲ. ಆದರೂ ಕಲಾಚರಿತ್ರೆ ಈ ಪ್ರಸಂಗವನ್ನು ಗುರುಶಿಷ್ಯರ ಅಕ್ಕರೆಯಾಗಿ ಮಾತ್ರ ಹೇಳಿಕೊಂಡು ಬಂದದ್ದು ತಪ್ಪು. ಪಿಕಾಸೊನ ಪಾಲಿಗೆ ಮುಖವಾಡವೆಂದರೆ ಹೊಸ ಆಕಾರ. ಅದನ್ನು ಕೊರೆದವರ ಸಂತತಿ ಬೆತ್ತದ ಏಟು ತಿಂದು ಕಬ್ಬು ಕಡಿದದ್ದು ಲಾಮ್‌ನ ಮನೆಯ ಚರಿತ್ರೆ. ಒಂದೇ ರೇಖೆ ಎರಡು ಕೈಗಳಲ್ಲಿ ಎರಡು ಮಾತು ಹೇಳುತ್ತದೆ.

ಸರ್ರಿಯಲಿಸಂ ವಿಷಯದಲ್ಲೂ ಇದೇ ತಲೆಕೆಳಗಾದ ಲೆಕ್ಕ. ಜರ್ಮನ್ ಸೇನೆ ಪ್ಯಾರಿಸ್ಸಿಗೆ ಬರುವ ಹೊತ್ತಿಗೆ ಲಾಮ್ ಮಾರ್ಸೇಯ್ ಬಂದರಿನತ್ತ ಓಡಿದ. ನಾತ್ಸಿಗಳಿಂದ ತಪ್ಪಿಸಿಕೊಳ್ಳುವವರಿಗೆ ಅಮೆರಿಕದ ವೇರಿಯನ್ ಫ್ರೈ ನೆರವಾಗುತ್ತಿದ್ದ ಕಾಲ ಅದು. ವಿಲಾ ಏರ್-ಬೆಲ್ ಎಂಬ ಮನೆಯಲ್ಲಿ ಬ್ರೆತೋನ್ ಮತ್ತು ಗೆಳೆಯರು ಸೇರಿ ಇಸ್ಪೀಟೆಲೆಗಳನ್ನು ಬರೆದದ್ದು, ಆಟವಾಡಿದ್ದು ಈಗ ದಂತಕಥೆ. ಅದೇ ತಿಂಗಳುಗಳಲ್ಲಿ ಲಾಮ್ ಚಿತ್ರ ಬರೆದುಕೊಟ್ಟ ಬ್ರೆತೋನ್‌ನ ‘ಫಾತಾ ಮೊರ್ಗಾನಾ’ವನ್ನು ನಾತ್ಸಿಗಳೊಂದಿಗೆ ಕೈಜೋಡಿಸಿದ್ದ ಫ್ರಾನ್ಸಿನ ವಿಶೀ ಸರ್ಕಾರದ ಸೆನ್ಸಾರ್ ತಡೆಹಿಡಿಯಿತು ಎಂಬುದನ್ನು ಅಷ್ಟು ಉತ್ಸಾಹದಿಂದ ಯಾರೂ ಹೇಳುವುದಿಲ್ಲ. 1941ರ ಮಾರ್ಚ್‌ನಲ್ಲಿ ಕಾಪಿತೇನ್ ಪೋಲ್-ಲಮೆರ್ಲ್ ಎಂಬ ಹಡಗು ಮುನ್ನೂರಕ್ಕೂ ಹೆಚ್ಚು ನಿರಾಶ್ರಿತರನ್ನು ತುಂಬಿಕೊಂಡು ಹೊರಟಿತು. ಬ್ರೆತೋನ್, ಮಾನವಶಾಸ್ತ್ರಜ್ಞ ಲೆವಿ-ಸ್ತ್ರೋಸ್, ಲೇಖಕರಾದ ವಿಕ್ತರ್ ಸೆರ್ಜ್ ಮತ್ತು ಆನಾ ಸೇಗರ್ಸ್, ಲಾಮ್ ಎಲ್ಲರೂ ಅದರಲ್ಲಿದ್ದರು. ಫ್ರಾನ್ಸಿನ ವಸಾಹತಾಗಿದ್ದ ಮಾರ್ತಿನೀಕ್‌ನಲ್ಲಿ ಇಳಿದವರನ್ನು ವಿಶೀ ಅಧಿಕಾರಿಗಳು ಶಿಬಿರದಲ್ಲಿ ಕೂಡಿಹಾಕಿದರು.

ಅಲ್ಲಿ ನಡೆದದ್ದು ಮುಖ್ಯ. ಬ್ರೆತೋನ್ ಮಗಳಿಗೆ ರಿಬ್ಬನ್ ಕೊಳ್ಳಲು ಫೋರ್-ದ-ಫ್ರಾನ್ಸ್‌ನ ಅಂಗಡಿಯೊಂದಕ್ಕೆ ಹೋದಾಗ ‘ತ್ರೊಪೀಕ್’ ಎಂಬ ಪತ್ರಿಕೆ ಕಣ್ಣಿಗೆ ಬಿತ್ತು. ಅಲ್ಲಿನ ಬರಹಗಾರರಾದ ಸುಜಾನ್ ಸೆಜೇರ್, ಎಮೆ ಸೆಜೇರ್, ರೆನೆ ಮೆನಿಲ್ ಆ ವರ್ಷವೇ ಶುರುಮಾಡಿದ್ದ ಪತ್ರಿಕೆ ಅದು. 1943ರಲ್ಲಿ ವಿಶೀ ಆಡಳಿತ ಅದನ್ನೂ ನಿಲ್ಲಿಸಿತು. ಸರ್ರಿಯಲಿಸಂ ಪ್ಯಾರಿಸ್ಸಿನಿಂದ ಕೆರಿಬಿಯನ್‌ಗೆ ಬಂದ ದೀಕ್ಷೆ ಎಂದು ನಂಬಿದವರಿಗೆ ಈ ಘಟನೆಯಲ್ಲೇ ಉತ್ತರವಿದೆ. ಬ್ರೆತೋನ್ ಕಾಲಿಡುವ ಮೊದಲೇ ಅಲ್ಲಿನವರು ಆ ಆಯುಧವನ್ನು ಎತ್ತಿಕೊಂಡು, ತಮ್ಮ ಕೈಗೆ ಒಗ್ಗುವಂತೆ ಮಸೆದುಕೊಂಡಿದ್ದರು. ಪ್ಯಾರಿಸ್ಸಿನವರಿಗೆ ಅದು ಬೂರ್ಜ್ವಾ ಮನಸ್ಸಿನ ಬೇಲಿ ಮುರಿಯುವ ದಾರಿ. ಇವರಿಗಾದರೋ ವಸಾಹತು ತಮ್ಮೊಳಗೆ ಹೂತ ಅವಮಾನವನ್ನು ಕಿತ್ತುಹಾಕುವ ದಾರಿ. ಲಾಮ್ ಮತ್ತು ಎಮೆ ಸೆಜೇರ್‌ರ ಗೆಳೆತನ ಶುರುವಾದದ್ದು ಇಲ್ಲಿ, ಸಾಯುವತನಕ ಉಳಿಯಿತು. ಸೆಜೇರ್‌ನ ದೀರ್ಘ ಕವನ 1943ರಲ್ಲಿ ಕ್ಯೂಬಾದ ವಿದುಷಿ ಲಿದಿಯಾ ಕಬ್ರೆರಾಳ ಸ್ಪ್ಯಾನಿಷ್ ಅನುವಾದದಲ್ಲಿ ಹವಾನಾದಲ್ಲಿ ಪುಸ್ತಕವಾದಾಗ ಚಿತ್ರಗಳು ಲಾಮ್‌ನವು. ನನ್ನ ಪ್ರಕಾರ ಅವನ ಬದುಕಿನ ನಿರ್ಣಾಯಕ ಭೇಟಿ ಪಿಕಾಸೊನದಲ್ಲ, ಸೆಜೇರ್‌ನದು. ಯಾವ ಪ್ರದರ್ಶನದ ಜಾಹೀರಾತಿನಲ್ಲೂ ಈ ಕ್ರಮ ನನಗೆ ಕಂಡಿಲ್ಲ.

1941ರಲ್ಲಿ, ಸುಮಾರು 18 ವರ್ಷಗಳ ಮೇಲೆ, ಲಾಮ್ ಹವಾನಾಕ್ಕೆ ಮರಳಿದ. ಕಂಡದ್ದು ಪ್ರವಾಸಿಗರಿಗೆಂದು ಅಲಂಕರಿಸಿಟ್ಟ ನಗರ, ಅದರ ಹಿತ್ತಲಲ್ಲಿ ಹಿಂದಿನಂತೆಯೇ ಕರಿಯರ ಬಡತನ. ತನ್ನ ದೇಶದ ದುರಂತವನ್ನು ಚಿತ್ರಿಸಬೇಕು, ಆ ಚಿತ್ರ ಶೋಷಕರ ನಿದ್ರೆ ಕೆಡಿಸುವ ಟ್ರೋಜನ್ ಕುದುರೆಯಾಗಬೇಕು ಎಂಬುದು ಆಗಿನ ಅವನ ನಿರ್ಧಾರ. ಮುಂದೆ ಅವನೇ ಹಾಗೆ ಹೇಳಿಕೊಂಡ. ಆ ಕುದುರೆಯ ಹೆಸರು ‘ಲಾ ಹುಂಗ್ಲಾ’, ಇಂಗ್ಲಿಷಿನಲ್ಲಿ ‘ದಿ ಜಂಗಲ್’. 1942–43ರಲ್ಲಿ ಬರೆದದ್ದು. ಎತ್ತರ, ಅಗಲ ಎರಡೂ ಎರಡು ಮೀಟರಿಗಿಂತ ಹೆಚ್ಚು. ಕಾಗದದ ಮೇಲೆ ಬರೆದು, ಆಮೇಲೆ ಕ್ಯಾನ್ವಾಸಿಗೆ ಅಂಟಿಸಿದ್ದು.

ಈ ಚಿತ್ರದ ಮುಂದೆ ನಿಂತವರು ನಿಗೂಢ ಕಾಡು, ಆದಿಮ ಶಕ್ತಿ, ಕನಸಿನ ಜೀವಿಗಳು ಎಂದೆಲ್ಲ ಹೇಳುವುದುಂಟು. ಹೆಸರೇನೇ ಇರಲಿ, ಅಲ್ಲಿ ನೆಟ್ಟಗೆ ನಿಂತಿರುವುದು ಕಬ್ಬಿನ ಜಲ್ಲೆಗಳು. ಗೆಣ್ಣುಗೆಣ್ಣಾಗಿ, ಸಾಲುಸಾಲಾಗಿ. ಕಬ್ಬು ಕಾಡಿನಲ್ಲಿ ಬೆಳೆಯುವುದಿಲ್ಲ. ಕಾಡು ಕಡಿದ ಮೇಲೆ ಅದನ್ನು ನೆಡುತ್ತಾರೆ. ಕ್ಯೂಬಾದ ಕಾಡುಗಳು ಬೋಳಾದದ್ದೇ ಕಬ್ಬಿಗಾಗಿ. ಕಟಾವಿನ ಕೆಲವು ತಿಂಗಳು ಕೂಲಿ, ಉಳಿದ ತಿಂಗಳುಗಳನ್ನು ಅಲ್ಲಿನ ಜನ ಸತ್ತ ಕಾಲವೆಂದೇ ಕರೆಯುತ್ತಿದ್ದರು: ಕೆಲಸವಿಲ್ಲ, ಸಾಲ ಮಾತ್ರ. ಗಿರಣಿಗಳಲ್ಲಿ ಅಮೆರಿಕನ್ ಬಂಡವಾಳದ ಪಾಲು ದೊಡ್ಡದು, ಸಕ್ಕರೆಯ ದೊಡ್ಡ ಗಿರಾಕಿಯೂ ಅಮೆರಿಕವೇ. ಆ ಜಲ್ಲೆಗಳ ನಡುವೆ ನಿಂತ ಮೈಗಳು ಜಲ್ಲೆಗಳಿಂದ ಬೇರೆಯಾಗಿ ಕಾಣುವುದೇ ಇಲ್ಲ. ಕಾಲು ಯಾವುದು, ಕಬ್ಬು ಯಾವುದು? ಮೊಲೆಗಳು ಪರಂಗಿಹಣ್ಣಿನಂತೆ ತೂಗುತ್ತವೆ, ಮುಖ ಅರ್ಧಚಂದ್ರದಂತೆ ಬಾಗುತ್ತದೆ, ಪಾದಗಳು ಮಾತ್ರ ದೊಡ್ಡವು, ಭಾರವಾದವು. ದುಡಿಮೆ ಮನುಷ್ಯನನ್ನು ಬೆಳೆಯೊಳಗೆ ಹೂತುಹಾಕಿದ್ದನ್ನು ಇದಕ್ಕಿಂತ ನೇರವಾಗಿ ಹೇಳಿದ ಚಿತ್ರ ನನಗೆ ಗೊತ್ತಿಲ್ಲ. ಬಲಮೂಲೆಯ ಮೇಲುಗಡೆ ಒಂದು ಕೈ ಕತ್ತರಿ ಹಿಡಿದಿದೆ. ಆ ಕತ್ತರಿಯ ಬಗ್ಗೆ ಹಲವು ವ್ಯಾಖ್ಯಾನಗಳಿವೆ. ಕಬ್ಬನ್ನು ಕಡಿಯುವುದು ಮಚ್ಚಿನಿಂದ, ಕತ್ತರಿಯಿಂದಲ್ಲ. ಕೊಯ್ಲಿನ ಹತಾರವಲ್ಲದ ಆ ಅಲಗು ಕಟ್ಟು ಕತ್ತರಿಸಲೆಂದೇ ಬಂದದ್ದೆಂದು ನಾನು ಓದುತ್ತೇನೆ.

ರಾಜಕೀಯವನ್ನು ಮುಂದೆ ಮಾಡಿದರೆ ಚಿತ್ರ ಘೋಷಣೆಯ ಮಟ್ಟಕ್ಕೆ ಇಳಿಯುತ್ತದೆ, ಬಣ್ಣ ರೇಖೆಗಳು ಮರೆಯಾಗುತ್ತವೆ ಎಂಬ ಆಕ್ಷೇಪಣೆ ನನಗೆ ಗೊತ್ತು. ಎದುರಾಳಿಗಳ ವಾದಗಳಲ್ಲಿ ಉತ್ತರ ಕೊಡಲು ಯೋಗ್ಯವಾದದ್ದು ಇದೊಂದೇ. ಉತ್ತರ ಬಣ್ಣ ರೇಖೆಗಳಲ್ಲೇ ಇದೆ. ‘ಲಾ ಹುಂಗ್ಲಾ’ ಇರುವ ನ್ಯೂಯಾರ್ಕಿನ ಸಂಗ್ರಹಾಲಯದಲ್ಲೇ ಆಂರಿ ರೂಸೋನ ‘ದಿ ಡ್ರೀಮ್’ (1910) ಇದೆ. ಫ್ರಾನ್ಸ್ ಬಿಟ್ಟು ಹೋಗದ ರೂಸೋ ಪ್ಯಾರಿಸ್ಸಿನ ಸಸ್ಯೋದ್ಯಾನ ನೋಡಿ ಬರೆದ ಕಾಡು ಅದು. ಅಲ್ಲಿ ಸೋಫಾ ಇದೆ, ಅದರ ಮೇಲೆ ಬೆತ್ತಲೆ ಹೆಣ್ಣು, ಕೊಳಲೂದುವ ಕಪ್ಪು ಮನುಷ್ಯ, ಹೂವು, ಹಣ್ಣು, ಸಿಂಹ. ನೋಡುವವನಿಗೆ ಅಲ್ಲಿ ಆರಾಮದ ಜಾಗವಿದೆ. ಎಲ್ಲವೂ ಅವನಿಗಾಗಿ ತೆರೆದುಕೊಂಡಿದೆ. ಲಾಮ್ ಆ ಜಾಗವನ್ನು ಮುಚ್ಚಿಬಿಟ್ಟ. ದಿಗಂತವಿಲ್ಲ, ಆಕಾಶವಿಲ್ಲ, ಕಾಲುದಾರಿ ಇಲ್ಲ. ಜಲ್ಲೆಗಳು ಗೋಡೆಯಂತೆ ಒತ್ತಿ ನಿಂತಿವೆ, ಮುಖಗಳು ಹೊರಗೆ ನೋಡುತ್ತಿವೆ. ಪ್ರವಾಸಿಯ ಕಣ್ಣಿಗೆ ಪ್ರವೇಶವಿಲ್ಲವೆಂಬುದನ್ನು ಅವನು ಚಿತ್ರದ ಕಟ್ಟಡದಿಂದಲೇ ಸಾಧಿಸಿದ. ಇಲ್ಲಿ ರಾಜಕೀಯವನ್ನು ಬದಿಗಿಟ್ಟರೆ ರೂಪದ ಚರ್ಚೆಯೂ ಅರ್ಧಕ್ಕೆ ನಿಲ್ಲುತ್ತದೆ.

1945ರಲ್ಲಿ ನ್ಯೂಯಾರ್ಕಿನ ಸಂಗ್ರಹಾಲಯ ‘ಲಾ ಹುಂಗ್ಲಾ’ವನ್ನು ಇಂಟರ್-ಅಮೆರಿಕನ್ ಫಂಡಿನ ಹಣದಿಂದ ಕೊಂಡಿತು. ಅದಕ್ಕೆ ಹಿಂದಿನ ವರ್ಷ ಅಲ್ಲಿ ನಡೆದ ಕ್ಯೂಬಾದ ಆಧುನಿಕ ಚಿತ್ರಕಾರರ ಪ್ರದರ್ಶನದಲ್ಲಿ ಭಾಗವಹಿಸಲು ಲಾಮ್ ಒಪ್ಪಿರಲಿಲ್ಲ. ಕೊಂಡ ಮೇಲೆ ಏನಾಯಿತು? ವರ್ಷಗಟ್ಟಲೆ ಚಿತ್ರ ತೂಗುತ್ತಿದ್ದುದು ಮುಖಮಂಟಪದಿಂದ ಕೋಟು ಇಡುವ ಕೋಣೆಗೆ ಹೋಗುವ ದಾರಿಯಲ್ಲಿ. ಪಿಕಾಸೊ, ಮಾತೀಸ್‌ರ ಜೊತೆ ಒಳಗಿನ ಕೋಣೆಗಳಲ್ಲಿ ಅದಕ್ಕೆ ಜಾಗವಿರಲಿಲ್ಲ. 1988ರಲ್ಲಿ ಕವಿ, ವಿಮರ್ಶಕ ಜಾನ್ ಯಾವ್ ಇದನ್ನು ಎತ್ತಿ ತೋರಿಸಿ ಬರೆದ ಲೇಖನ ಇಂದಿಗೂ ಓದತಕ್ಕದ್ದು. ಅದಕ್ಕೆ ನಾಲ್ಕು ವರ್ಷ ಮೊದಲು ಅದೇ ಸಂಸ್ಥೆ ವಿಲಿಯಂ ರೂಬಿನ್‌ನ ಮುಂದಾಳತ್ವದಲ್ಲಿ, ಬುಡಕಟ್ಟು ಕಲೆಗೂ ಪಶ್ಚಿಮದ ಆಧುನಿಕ ಕಲೆಗೂ ಇರುವ ಹೋಲಿಕೆಯ ಬಗ್ಗೆ ಅದ್ದೂರಿ ಪ್ರದರ್ಶನ ಮಾಡಿತ್ತು. ಆಫ್ರಿಕಾದ ಆಕಾರಗಳನ್ನು ಎತ್ತಿಕೊಂಡ ಯುರೋಪಿಯನ್ನನಿಗೆ ಸಿಂಹಾಸನ, ಆ ಆಕಾರಗಳ ವಾರಸುದಾರನಿಗೆ ಓಣಿ. ಈಗ ಓಣಿಯಿಂದ ದೊಡ್ಡ ಕೋಣೆಗಳಿಗೆ ಕರೆತಂದಿದ್ದಾರೆ, ಸಂತೋಷ. ಆದರೆ ಅಂದಿನ ‘ಪಿಕಾಸೊನ ಅನುಯಾಯಿ’ ಎಂಬ ತೀರ್ಪಿಗೂ ಇಂದಿನ ‘ಸಂಸ್ಕೃತಿಗಳ ಸಂಗಮ’ ಎಂಬ ತೀರ್ಪಿಗೂ ನಾನು ಹೆಚ್ಚು ದೂರ ಕಾಣೆ. ಮೊದಲನೆಯದು ಅವನ ಸ್ವಂತಿಕೆಯನ್ನು ಕಸಿಯಿತು. ಎರಡನೆಯದು ಅವನ ಸಿಟ್ಟನ್ನು ಕಸಿಯುತ್ತಿದೆ. ಯಾರ ಮೇಲೂ ದೂರಿಲ್ಲದ ಸಂಗಮ ಎಲ್ಲರಿಗೂ ಹಿತ, ಗೋಡೆಗೂ ಹಿತ, ಮಾರುಕಟ್ಟೆಗೂ ಹಿತ. 1943ರ ‘ಓಮಿ ಒಬಿನಿ’ 2020ರಲ್ಲಿ ಸೋದಬೀಸ್ ಹರಾಜಿನಲ್ಲಿ 96 ಲಕ್ಷ ಡಾಲರಿಗೆ ಹೋಯಿತು.

ಇದರ ಇನ್ನೊಂದು ಬದಿಯಲ್ಲಿ ಲಾಮ್‌ನನ್ನು ಸಾಂತೆರಿಯಾದ ಪೂಜಾರಿಯನ್ನಾಗಿ ಮಾಡುವವರಿದ್ದಾರೆ. ಅವನ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಕುದುರೆಮುಖದ ಹೆಣ್ಣಿಗೆ ಆ ಧರ್ಮದಲ್ಲಿ ಬೇರಿರುವುದು ನಿಜ. ಅಲ್ಲಿ ದೈವ ಮೈಮೇಲೆ ಬಂದವರು ಆ ದೈವದ ಕುದುರೆ. ಮೈಮೇಲೆ ಬರುವುದೆಂದರೇನೆಂದು ಬಲ್ಲ ನಮ್ಮ ಕಡೆಯವರಿಗೆ ಆ ರೂಪ ವಿಚಿತ್ರ ರಾಕ್ಷಸಿಯಾಗಿ ಕಾಣಬೇಕಿಲ್ಲ. ಆದರೆ ಲಾಮ್ ದೀಕ್ಷೆ ಪಡೆದವನಲ್ಲ. 1940ರ ದಶಕದಲ್ಲಿ ಲಿದಿಯಾ ಕಬ್ರೆರಾಳಂಥ ವಿದ್ವಾಂಸರ ಜೊತೆ ಸೇರಿ, ಓದಿ, ನೋಡಿ, ಯೋಚಿಸಿ ಆ ಲೋಕವನ್ನು ಮತ್ತೆ ಎತ್ತಿಕೊಂಡವನು. ಹಲವು ಚಿತ್ರಗಳಿಗೆ ಹೆಸರಿಟ್ಟವಳೂ ಅವಳೇ. ಅವನ ದೈವಗಳು ರಕ್ತದಿಂದ ತಾವಾಗಿ ಉಕ್ಕಿದವಲ್ಲ. ಸಕ್ಕರೆ ಗಿರಣಿಯ ಒಡೆಯರ ದೇಶದಲ್ಲಿ, ಗುಲಾಮರ ದೇವರುಗಳನ್ನು ಆಧುನಿಕ ಚಿತ್ರದ ನಟ್ಟನಡುವೆ ನಿಲ್ಲಿಸುತ್ತೇನೆ ಎಂದು ಅವನು ತೀರ್ಮಾನಿಸಿದ್ದ.

ಸರ್ರಿಯಲಿಸಂ ಎಂದರೆ ನಿದ್ದೆ, ಕನಸು, ಪಲಾಯನ ಎನ್ನುವವರಿಗೆ ಒಂದು ಇಸವಿ ನೆನಪಿಸುತ್ತೇನೆ. 1945ರ ಡಿಸೆಂಬರ್‌ನಲ್ಲಿ ಬ್ರೆತೋನ್ ಹೈಟಿಯಲ್ಲಿ ಉಪನ್ಯಾಸ ಕೊಟ್ಟ. ‘ಲಾ ರ್ಯುಶ್’ ಎಂಬ ವಿದ್ಯಾರ್ಥಿ ಪತ್ರಿಕೆ ಅವನಿಗೆಂದು ವಿಶೇಷ ಸಂಚಿಕೆ ತಂದಿತು, ಸರ್ಕಾರ ಪತ್ರಿಕೆಯನ್ನು ನಿಷೇಧಿಸಿತು, ವಿದ್ಯಾರ್ಥಿಗಳು ಬೀದಿಗಿಳಿದರು, ಮುಷ್ಕರ ಹಬ್ಬಿತು, 1946ರ ಜನವರಿಯಲ್ಲಿ ಅಧ್ಯಕ್ಷ ಲೆಸ್ಕೊ ಕೆಳಗಿಳಿದ. ಆ ಚಳಿಗಾಲ ಲಾಮ್ ಕೂಡ ಪೋರ್ಟ್-ಔ-ಪ್ರಿನ್ಸ್‌ನಲ್ಲಿದ್ದ, ಅಲ್ಲಿನ ಕಲಾಕೇಂದ್ರದಲ್ಲಿ ಅವನ ಚಿತ್ರಗಳ ಪ್ರದರ್ಶನವಿತ್ತು. ಸರ್ಕಾರ ಬೀಳಲು ಬಡತನ, ಸರ್ವಾಧಿಕಾರ ಹೀಗೆ ಕಾರಣಗಳು ಹಲವು. ಆದರೆ ಆ ಹುಡುಗರಿಗೆ ಸರ್ರಿಯಲಿಸಂ ಯಾವ ಭಾಷೆಯಲ್ಲಿ ಕೇಳಿಸಿತೆಂಬುದಕ್ಕೆ ಸಾಕ್ಷಿ ಬೇಡ.

ಲಾಮ್‌ನನ್ನು ಚರಿತ್ರೆಯ ಬಿರುಗಾಳಿಗೆ ಸಿಕ್ಕವನೆಂದು ನೋಡುವುದರಿಂದ ಆಗುವ ದೊಡ್ಡ ನಷ್ಟ ಇನ್ನೊಂದಿದೆ. ಸಿಕ್ಕಿಬಿದ್ದವನ ಮೇಲೆ ಕರುಣೆ ಪಡಬಹುದು, ಅವನಿಗೆ ಪ್ರಶ್ನೆ ಹಾಕಲಾಗದು. 1959ರ ಕ್ರಾಂತಿಯ ನಂತರ ಯುರೋಪಿನಲ್ಲಿದ್ದುಕೊಂಡೇ ಲಾಮ್ ಫಿಡೆಲ್ ಕ್ಯಾಸ್ಟ್ರೊನ ಕ್ಯೂಬಾವನ್ನು ಬೆಂಬಲಿಸಿದ. 1966ರಲ್ಲಿ ಹವಾನಾದ ಅಧ್ಯಕ್ಷರ ಅರಮನೆಗೆಂದು ‘ದಿ ಥರ್ಡ್ ವರ್ಲ್ಡ್’ ಚಿತ್ರ ಬರೆದ. 1967ರಲ್ಲಿ ಪ್ಯಾರಿಸ್ಸಿನ ‘ಸಲೋನ್ ದ ಮೇ’ ಕಲಾಪ್ರದರ್ಶನವನ್ನು ಹವಾನಾಕ್ಕೆ ತರಲು ಓಡಾಡಿದ. ಹಲವು ಕಲಾವಿದರು ಸೇರಿ ಬರೆದ ದೊಡ್ಡ ಭಿತ್ತಿಚಿತ್ರದಲ್ಲಿ ಅವನ ಕೈಯೂ ಇತ್ತು. ಅದೇ ಕಾಲದಲ್ಲಿ, 1965ರಿಂದ 1968ರವರೆಗೆ, ಆ ಸರ್ಕಾರ ಸಲಿಂಗಕಾಮಿಗಳನ್ನು, ದೈವಭಕ್ತರನ್ನು, ತನಗೆ ಒಗ್ಗದ ಯುವಕರನ್ನು ದುಡಿಮೆಯ ಶಿಬಿರಗಳಿಗೆ ಅಟ್ಟುತ್ತಿತ್ತು. ಅವರಿಗೆ ಅಲ್ಲಿ ಕೊಟ್ಟ ಕೆಲಸಗಳಲ್ಲಿ ಕಬ್ಬು ಕಡಿಯುವುದೂ ಒಂದು. ‘ಲಾ ಹುಂಗ್ಲಾ’ ಬರೆದವನಿಗೆ ಇದು ಹೇಗೆ ಕಂಡಿರಬೇಕು? ಅವನ ಪಕ್ಷ ಅವನನ್ನು ಎಲ್ಲಿಗೆ ತಂದು ನಿಲ್ಲಿಸಿತು? ಅವನ ಮೇಲಿನ ಗೌರವ ಒಂದಿಷ್ಟೂ ಕಡಿಮೆಯಾಗದೆ ನಾನು ಈ ಪ್ರಶ್ನೆ ಕೇಳುತ್ತೇನೆ. ಮ್ಯಾಡ್ರಿಡ್‌ನ ಮದ್ದಿನ ಕಾರ್ಖಾನೆಯಲ್ಲಿ ತಾನಾಗಿ ನಿಂತವನ ಆಯ್ಕೆಗಳನ್ನು ಕೊನೆಯವರೆಗೂ ಆಯ್ಕೆಗಳೆಂದೇ ನೋಡಬೇಕು. ಸಂಗ್ರಹಾಲಯಗಳು ‘ಲಾ ಗೆರ್ರಾ ಸಿವಿಲ್’, ‘ಲಾ ಹುಂಗ್ಲಾ’, ‘ದಿ ಥರ್ಡ್ ವರ್ಲ್ಡ್’ ಈ ಮೂರನ್ನೂ ಒಂದೇ ಕೋಣೆಯಲ್ಲಿ ತೂಗಿಸಲಿ. ಪಕ್ಕದ ಫಲಕದಲ್ಲಿ ಅವನ ತಂದೆತಾಯಿಯ ವಂಶಾವಳಿಗಿಂತ ಮೊದಲು, ಪ್ರತಿ ಚಿತ್ರ ಬರೆಯುವಾಗ ಅವನು ಯಾರ ಜೊತೆ ನಿಂತಿದ್ದ, ಯಾರ ವಿರುದ್ಧ ನಿಂತಿದ್ದ, ಯಾವುದರ ಬಗ್ಗೆ ಬಾಯಿ ಬಿಡಲಿಲ್ಲ ಎಂಬುದನ್ನು ಬರೆಯಲಿ.